ಆದಾಯ ದುಪ್ಪಟ್ಟು ಮಾಡಲು ಹೊರಟ 36 ತಿಂಗಳು

ಕಳೆದ ವಾರ ನನ್ನ ಲೆಕ್ಕದ ಪುಸ್ತಕದಲ್ಲಿ 36ನೇ ತಿಂಗಳ ಪುಟ ಮುಗಿಸಿದೆ. ಕೊನೆಯ ಸಾಲಿನಲ್ಲಿ 171 ಎಂದು ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಮೂರು ವರ್ಷದ ಹಿಂದೆ ಇದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದ ಗುರಿ 200.

ಈ ಅಂಕಿಗಳು ಯಾವ ದೇಶದ ಹಣವೂ ಅಲ್ಲ. ಶುರು ಮಾಡಿದಾಗ ತಿಂಗಳಿಗೆ ನನ್ನ ಕೈಗೆ ಬರುತ್ತಿದ್ದ ಮೊತ್ತವನ್ನು 100 ಎಂದಿಟ್ಟುಕೊಂಡಿದ್ದೇನೆ. ಮುಂದಿನದೆಲ್ಲ ಅದರ ಲೆಕ್ಕದಲ್ಲೇ. ನೀವೂ ನಿಮ್ಮ ಈಗಿನ ಆದಾಯವನ್ನು 100 ಎಂದುಕೊಂಡು ಓದಿ, ಆಗ ಲೆಕ್ಕ ನಿಮಗೂ ಹೊಂದುತ್ತದೆ.

ಯಾಕೆ ಹೊರಟೆ ಅನ್ನುವುದನ್ನು ಮೊದಲು ಹೇಳಬೇಕು. ಒಂದು ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೌಂಟರಿನಲ್ಲಿ ಮುಂಗಡ ಕಟ್ಟಿ ಎಂದರು. ನನ್ನ ಖಾತೆಯಲ್ಲಿ ಅದರ ಅರ್ಧವೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಎರಡು ಮಾತಾಡದೆ ಕಳಿಸಿದಳು. ಹನ್ನೆರಡು ವರ್ಷ ದುಡಿದ ಮೇಲೂ ಆ ಕೌಂಟರಿನ ಮುಂದೆ ಫೋನ್ ಹಿಡಿದು ನಿಂತಿದ್ದೆನಲ್ಲ, ಅದು ನನ್ನೊಳಗೆ ಕೂತುಬಿಟ್ಟಿತು. ಅಮ್ಮ ಮನೆಗೆ ಬಂದ ವಾರವೇ ಪುಸ್ತಕ ತೆಗೆದುಕೊಂಡೆ.

ಮೊದಲು ಬರೆದದ್ದು 200 ಅಲ್ಲ, 1000. ಒಂದೇ ವರ್ಷದಲ್ಲಿ ಹತ್ತು ಪಟ್ಟು. ಆಗ ಅಂಥ ಭಾಷಣಗಳನ್ನು ತುಂಬಾ ಕೇಳುತ್ತಿದ್ದೆ. ಗುರಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಎರಡು ತಿಂಗಳು ದಿನಾ ಬೆಳಿಗ್ಗೆ ಆ ಅಂಕಿಯನ್ನು ನೋಡಿದೆ. ನೋಡಿದೆ ಅಷ್ಟೇ, ಒಂದು ಕೆಲಸವನ್ನೂ ಮಾಡಲಿಲ್ಲ. ಇವತ್ತು ಏನು ಮಾಡಿದರೆ ಅಲ್ಲಿಗೆ ಒಂದು ಹೆಜ್ಜೆ ಹತ್ತಿರವಾಗುತ್ತೇನೆ ಎಂದು ಕೇಳಿಕೊಂಡರೆ ಉತ್ತರವೇ ಇರಲಿಲ್ಲ. ಅಂಕಿ ದೊಡ್ಡದಾಗಿದ್ದು ತಪ್ಪಲ್ಲ, ಅದಕ್ಕೂ ನನ್ನ ಕೈಗೂ ನಡುವೆ ದಾರಿ ಇರಲಿಲ್ಲ.

ಆಮೇಲೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ವರ್ಷಕ್ಕೆ ಶೇ. 6 ಹೆಚ್ಚಾಗುತ್ತಾ ಹೋದರೆ ಆದಾಯ ಎರಡರಷ್ಟಾಗಲು 12 ವರ್ಷ ಬೇಕು. ಶೇ. 10 ಆದರೆ 7 ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಮೂರೇ ವರ್ಷದಲ್ಲಿ ಆಗಬೇಕೆಂದರೆ ಪ್ರತಿ ವರ್ಷ ಶೇ. 26: ಅಂದರೆ 100, 126, 159, 200. ಆಗ ನನ್ನ ವರ್ಷದ ಇನ್‌ಕ್ರಿಮೆಂಟ್ ಶೇ. 6ರ ಆಸುಪಾಸು ಇತ್ತು. ಸುಮ್ನೆ ಕೂತರೆ 12 ವರ್ಷ ಹಿಡಿಯುವುದನ್ನು 3 ವರ್ಷದಲ್ಲಿ ಮಾಡಬೇಕು. ಇದು ನನಗೆ ಸಾಕಷ್ಟು ದೊಡ್ಡ ಗುರಿಯೇ ಅನ್ನಿಸಿತು. 1000ವನ್ನು ಹೊಡೆದು ಹಾಕಿ 200 ಬರೆದೆ. ಅದರ ಕೆಳಗೆ "ಇನ್ನೊಂದು ಸಲ ಕೌಂಟರಿನ ಮುಂದೆ ಫೋನ್ ಮಾಡಬಾರದು" ಎಂದೂ ಬರೆದೆ. ನೀವೂ ಅಂಕಿಯ ಕೆಳಗೆ ಕಾರಣ ಬರೆಯಿರಿ. ಹದಿನೆಂಟನೇ ತಿಂಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲೇ.

ಇನ್ನು ಶುರು ಮಾಡಿದರಾಯಿತು ಎಂದುಕೊಂಡಿದ್ದೆ. ಆದರೆ ನನ್ನ 100 ಎಂದರೆ ನಿಜವಾಗಿ ಎಷ್ಟು ಎಂದು ನನಗೇ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಲು ಮೂರು ವಾರ ಹಿಡಿಯಿತು. ಬೇಕಾದ ಕಾಗದಗಳು ಇಷ್ಟು: 12 ತಿಂಗಳ ಪೇ ಸ್ಲಿಪ್, ಅಷ್ಟೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹೊರಗಿನ ಕೆಲಸಕ್ಕೆ ಕೊಟ್ಟ ಬಿಲ್ಲುಗಳು, ಹಿಂದಿನ ವರ್ಷದ ತೆರಿಗೆ ರಿಟರ್ನ್. ಹಗಲು ಆಫೀಸು, ಸಂಜೆ ಪುಸ್ತಕ, ವರದಿಗಳ ಪುಟ ವಿನ್ಯಾಸ, ಇದು ನನ್ನ ದುಡಿಮೆ. ಪೇ ಸ್ಲಿಪ್ ಹುಡುಕಿದರೆ ಎರಡು ತಿಂಗಳದ್ದು ಇಲ್ಲ. ಆಫೀಸಿನಲ್ಲಿ ಕೇಳಿ, ಎರಡು ಸಲ ನೆನಪಿಸಿ, ಹನ್ನೊಂದು ದಿನ ಕಾದೆ. ಈಗಲೇ ಹೇಳಿಬಿಡುತ್ತೇನೆ, ಪೇ ಸ್ಲಿಪ್ ಬಂದ ದಿನವೇ ಇಳಿಸಿ ಒಂದು ಕಡೆ ಇಡಿ. ಎರಡು ವರ್ಷದ ನಂತರ ಅವೇ ಕಾಗದ ನನ್ನನ್ನು ಇನ್ನೊಂದು ಕಡೆ ಕಾಪಾಡಿದವು.

ಲೆಕ್ಕ ಮುಗಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಹೊರಗಿನ ಕೆಲಸದಿಂದ ತಿಂಗಳಿಗೆ 20 ಬರುತ್ತಿದೆ ಎಂದು ನಾನು ನಂಬಿದ್ದೆ. ಚೆನ್ನಾಗಿ ಬಂದ ಒಂದೇ ಒಂದು ತಿಂಗಳು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹನ್ನೆರಡು ತಿಂಗಳ ಸರಾಸರಿ ತೆಗೆದರೆ 12. ಅದರಲ್ಲಿ ಸಾಫ್ಟ್‌ವೇರ್ ಚಂದಾ, ಇಂಟರ್ನೆಟ್, ಕೆಲಸ ಕೊಡಿಸುವ ಜಾಲತಾಣದ ಕಮಿಷನ್ ಎಂದು 3 ಹೋಗುತ್ತಿತ್ತು. ಉಳಿದದ್ದು 9. ಸಂಬಳ 91.

ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಗಂಟೆಯ ಲೆಕ್ಕ. ನಾಲ್ಕು ವಾರ ಒಂದು ಸಣ್ಣ ಚೀಟಿಯಲ್ಲಿ ಪ್ರತಿ ಅರ್ಧ ಗಂಟೆ ಗುರುತು ಹಾಕಿದೆ. ಆಫೀಸಿಗೆ ತಿಂಗಳಿಗೆ 176 ಗಂಟೆ, ಹೋಗಿ ಬರಲು 44, ಒಟ್ಟು 220. ಹೊರಗಿನ ಕೆಲಸಕ್ಕೆ 40 ಗಂಟೆ. ಈ 40ರಲ್ಲಿ ಪುಟ ಕಟ್ಟಿದ್ದು 25 ಗಂಟೆ ಮಾತ್ರ. ಉಳಿದ 15 ಗಂಟೆ ಫೋನಿನಲ್ಲಿ ಮಾತು, ಕೊನೆ ಗಳಿಗೆಯ ಕರೆಕ್ಷನ್, ಬಾಕಿ ಹಣ ಕೇಳುವ ಮೇಲ್. ಭಾಗಿಸಿ ನೋಡಿ. ಆಫೀಸಿನಲ್ಲಿ ಗಂಟೆಗೆ 0.41, ಸಂಜೆಯ ಕೆಲಸದಲ್ಲಿ 0.22. ಮಗಳು ಮಲಗುವ ಹೊತ್ತಿನ ಗಂಟೆಗಳನ್ನು ನಾನು ಹೆಚ್ಚುಕಡಿಮೆ ಅರ್ಧ ಬೆಲೆಗೆ ಮಾರುತ್ತಿದ್ದೆ. ಆ ಚೀಟಿ ಇವತ್ತಿಗೂ ಪುಸ್ತಕದಲ್ಲಿದೆ. ಆದಾಯದ ಗುರಿ ಇಡುವವರು ಒಂದೇ ಒಂದು ಲೆಕ್ಕ ಮಾಡುವುದಾದರೆ ಇದನ್ನು ಮಾಡಿ. ಒಟ್ಟು ಎಷ್ಟು ಬರುತ್ತದೆ ಎಂಬುದು ಅರ್ಧ ಸುದ್ದಿ ಮಾತ್ರ.

ಇಷ್ಟು ಗೊತ್ತಿದ್ದೂ ಮೊದಲ ಎಂಟು ತಿಂಗಳು ತಪ್ಪು ದಾರಿಯಲ್ಲೇ ಓಡಿದೆ. ದಿನಕ್ಕೊಂದು ಮೊತ್ತ ಗೊತ್ತು ಮಾಡಿಕೊಂಡೆ. ಅಷ್ಟು ಆಗುವವರೆಗೆ ಏಳುವ ಹಾಗಿಲ್ಲ ಎಂದು ನಿಯಮ. ಒಳ್ಳೆ ಕೆಲಸ ಸಿಕ್ಕ ದಿನ ಎಂಟು ಗಂಟೆಗೇ ಮುಗಿಸಿ ಎದ್ದುಬಿಡುತ್ತಿದ್ದೆ. ಕಮ್ಮಿ ದರದ ಕೆಲಸ ಇದ್ದ ದಿನ ನಡುರಾತ್ರಿವರೆಗೆ ಕೂರುತ್ತಿದ್ದೆ. ಅಂದರೆ ಗಂಟೆಗೆ ಜಾಸ್ತಿ ಸಿಗುವ ದಿನ ಕಮ್ಮಿ ದುಡಿತ, ಕಮ್ಮಿ ಸಿಗುವ ದಿನ ಜಾಸ್ತಿ ದುಡಿತ. ತಲೆಕೆಳಗು ಅಲ್ವಾ?

ಇದು ನನ್ನೊಬ್ಬಳ ಕಥೆಯಲ್ಲ ಎಂದು ಆಮೇಲೆ ತಿಳಿಯಿತು. 1997ರಲ್ಲಿ ಅರ್ಥಶಾಸ್ತ್ರಜ್ಞ ಕಾಲಿನ್ ಕ್ಯಾಮರರ್ ಮತ್ತು ಅವರ ಜೊತೆಗಾರರು ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಲೆಕ್ಕಪತ್ರ ನೋಡಿ ಇಂಥದ್ದೇ ಮಾತು ಹೇಳಿದ್ದರು. ಬಾಡಿಗೆ ಚೆನ್ನಾಗಿರುವ ದಿನ ಬೇಗ ಮನೆಗೆ ಹೋಗುತ್ತಾರೆ, ದಿನದ ಮೊತ್ತ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಹಾಗೆ ಕಾಣುತ್ತದೆ ಎಂದು. ಅನುಭವ ಇರುವ ಚಾಲಕರಲ್ಲಿ ಈ ಅಭ್ಯಾಸ ಕಮ್ಮಿ ಇತ್ತು. ಹೆನ್ರಿ ಫಾರ್ಬರ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೂ ಹೆಚ್ಚು ಲೆಕ್ಕ ಇಟ್ಟುಕೊಂಡು ನೋಡಿ, ಹೆಚ್ಚಿನ ಚಾಲಕರು ಹಾಗೆ ಮಾಡುವುದಿಲ್ಲ ಎಂದರು. ಚಾಲಕರ ಮಾತು ಏನೇ ಇರಲಿ, ನಾನಂತೂ ಎಂಟು ತಿಂಗಳು ಹಾಗೇ ಮಾಡಿದ್ದೆ.

ಎಂಟನೇ ತಿಂಗಳ ಪುಟದಲ್ಲಿ 109 ಇದೆ. ಹೊರಗಿನ ಕೆಲಸ 9ರಿಂದ 18ಕ್ಕೆ ಏರಿತ್ತು. ಪಕ್ಕದಲ್ಲೇ ಗಂಟೆಗಳು 40ರಿಂದ 80. ಹಣ ಎರಡರಷ್ಟು, ಗಂಟೆಯೂ ಎರಡರಷ್ಟು. ಗಂಟೆಯ ಬೆಲೆ ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಬಲಗೈ ಮಣಿಕಟ್ಟು ನೋಯಲು ಶುರುವಾಗಿತ್ತು. ಡಾಕ್ಟರ್ ಮೂರು ವಾರ ಮೌಸ್ ಮುಟ್ಟಬೇಡಿ ಎಂದರು.

ಆ ದಿನಗಳಲ್ಲಿ ಅಕ್ಕ ಮನೆಗೆ ಬಂದಿದ್ದಳು. ಕೈಗೆ ಕಟ್ಟಿದ್ದ ಪಟ್ಟಿ ನೋಡಿ, "ಎಷ್ಟು ದುಡಿದ್ರೂ ಸಾಲಲ್ವೇನೇ ನಿಂಗೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಮ್ಮ ಹೇಳ್ತಿರ್ಲಿಲ್ವಾ?" ಎಂದಳು.

"ಕಾಲು ಅಷ್ಟೇ ಚಾಚ್ತಿದ್ದೀನಿ ಅಕ್ಕ. ಹಾಸಿಗೇನೇ ಉದ್ದ ಮಾಡೋಕೆ ನೋಡ್ತಿದ್ದೀನಿ" ಎಂದೆ.

ಅವಳು ಏನೂ ಹೇಳಲಿಲ್ಲ. ಹೋಗುವಾಗ ಮಗಳ ಹೋಂವರ್ಕ್ ಮುಗಿಸಿ ಹೋದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಮನೆಯವರು ಹೀಗೆ ಅಂದಾಗ ಜಗಳ ಆಡಬೇಡಿ. ಲೆಕ್ಕದ ಪುಟ ತೋರಿಸಿ.

ಮೌಸ್ ಮುಟ್ಟದ ಆ ಮೂರು ವಾರ ಓದಲು ಸಿಕ್ಕಿತು. ಗುರಿಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಹೇಳುವುದು ಹೀಗೆ: "ಆದಷ್ಟು ಚೆನ್ನಾಗಿ ಮಾಡು" ಎಂಬುದಕ್ಕಿಂತ ಸ್ಪಷ್ಟವಾದ, ಕಷ್ಟವಾದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಅವರದೇ ಇನ್ನೊಂದು ಮಾತು ನನಗೆ ಹೊಸದು. ಕೆಲಸ ಹೇಗೆ ಮಾಡಬೇಕೆಂದೇ ಗೊತ್ತಿಲ್ಲದಾಗ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ಒಳ್ಳೆಯದು. ಇಷ್ಟು ಗಳಿಸಬೇಕು ಎನ್ನುವ ಬದಲು ಇಷ್ಟು ದಾರಿ ಕಂಡುಹಿಡಿಯಬೇಕು ಎಂದು. ನನಗೆ ಪುಟ ಕಟ್ಟಲು ಬರುತ್ತಿತ್ತು, ಅದಕ್ಕೆ ಬೆಲೆ ಕಟ್ಟಲು ಬರುತ್ತಿರಲಿಲ್ಲ.

ಹಾಗಾಗಿ ಒಂಬತ್ತರಿಂದ ಹನ್ನೊಂದನೇ ತಿಂಗಳವರೆಗೆ 200ರ ಮಾತೇ ಎತ್ತಲಿಲ್ಲ. ಆ ಮೂರು ತಿಂಗಳ ಗುರಿ ಒಂದೇ. ಇದೇ ಕೆಲಸ ಮಾಡುವ ಆರು ಜನ ಹೇಗೆ ದರ ಹಾಕುತ್ತಾರೆ ಎಂದು ತಿಳಿಯುವುದು. ನಾಲ್ಕು ಜನ ಮಾತಾಡಿದರು, ಇಬ್ಬರು ಉತ್ತರ ಕೊಡಲಿಲ್ಲ. ನಾಲ್ವರಲ್ಲಿ ಒಬ್ಬರೂ ನನ್ನ ಹಾಗೆ ಪುಟಕ್ಕೆ ಇಷ್ಟು ಎಂದು ತೆಗೆದುಕೊಳ್ಳುತ್ತಿರಲಿಲ್ಲ. ಇಡೀ ಕೆಲಸಕ್ಕೆ ಒಂದು ಮೊತ್ತ, ಅರ್ಧ ಅಡ್ವಾನ್ಸ್, ಎರಡು ಸುತ್ತು ಕರೆಕ್ಷನ್ ಉಚಿತ, ಮೂರನೆಯದಕ್ಕೆ ಬೇರೆ ಹಣ. ನನ್ನ 15 ಗಂಟೆ ಎಲ್ಲಿ ಸೋರಿಹೋಗುತ್ತಿತ್ತು ಎಂದು ಅವತ್ತು ಗೊತ್ತಾಯಿತು. ಈ ಮೂರು ತಿಂಗಳಲ್ಲಿ ಆದಾಯ 99ಕ್ಕೆ ಇಳಿಯಿತು. ಪುಟ ತುಂಬುವಾಗ ಎದೆ ಭಾರವಾಗುತ್ತಿತ್ತು, ನಿಜ. ಆದರೂ ಮೂರು ವರ್ಷದಲ್ಲಿ ನಾನು ಸರಿಯಾಗಿ ಖರ್ಚು ಮಾಡಿದ ತಿಂಗಳುಗಳು ಅವೇ.

ಇಲ್ಲೇ ಖರ್ಚಿನ ಮಾತು ಹೇಳಿಬಿಡುತ್ತೇನೆ. ಎರಡು ಕೋರ್ಸಿಗೆ ಹಣ ಕಟ್ಟಿದೆ. ಕೊಟೇಶನ್ ಮತ್ತು ಕರಾರು ಬರೆಯುವುದನ್ನು ಕಲಿಸಿದ್ದು 14, ಅದು ಎರಡೇ ಕೆಲಸದಲ್ಲಿ ವಾಪಸ್ ಬಂತು. ಇನ್ನೊಂದು 22, ಬೇಗ ಶ್ರೀಮಂತರಾಗುವ ಮನಸ್ಥಿತಿ ಕಲಿಸುತ್ತೇವೆ ಎಂದಿತ್ತು. ಆರು ವಾರ ಕೇಳಿದ ಮೇಲೂ ಮರುದಿನ ಮಾಡುವ ಒಂದು ಕೆಲಸವನ್ನೂ ಹೇಳಲಿಲ್ಲ, ಹಣ ವಾಪಸ್ ಕೇಳಿದರೆ ಉತ್ತರ ಬರಲಿಲ್ಲ. ನಿಮಗೆ ಯಾರಾದರೂ ಕೋರ್ಸ್ ಮಾರಲು ಬಂದರೆ, ಮುಗಿದ ಮರುದಿನ ನಾನು ಏನು ಮಾಡಬಲ್ಲೆ ಎಂದು ಕೇಳಿ. ಒಂದು ಸಾಲಿನಲ್ಲಿ ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಹನ್ನೆರಡನೇ ತಿಂಗಳಿಂದ ಹೊಸ ದರ. ಹಳೆ ಗಿರಾಕಿಗಳು ಏಳು ಜನ. ಎಲ್ಲರಿಗೂ ಎರಡು ತಿಂಗಳು ಮೊದಲೇ ಪತ್ರ ಬರೆದೆ. ಮೂವರು ಬಿಟ್ಟು ಹೋದರು. ಅವರಲ್ಲಿ ಒಬ್ಬರು ಐದು ವರ್ಷದ ಪರಿಚಯ, ಒಂದು ಸಾಲೂ ಬರೆಯದೆ ಹೋದರು. ಅದು ತುಂಬಾ ದಿನ ಚುಚ್ಚಿತು. ಒಬ್ಬರು ಏಳು ತಿಂಗಳ ನಂತರ ಹೊಸ ದರಕ್ಕೇ ಮರಳಿ ಬಂದರು.

ಆಫೀಸಿನ ಕಡೆ ಕಾಯುವಿಕೆ ಬೇರೆ ಥರದ್ದು. ಸಂಬಳ ಹೆಚ್ಚಿಸಿ ಎಂದು ಒಂಬತ್ತನೇ ತಿಂಗಳಲ್ಲಿ ಪತ್ರ ಕೊಟ್ಟೆ. ಭೇಟಿ ಮೂರು ಸಲ ಮುಂದೆ ಹೋಯಿತು. ಕೊನೆಗೆ ಮ್ಯಾನೇಜರ್ ಎದುರು ಕೂತಾಗ ಹದಿನಾಲ್ಕನೇ ತಿಂಗಳು. ಒಂದು ಪುಟದಲ್ಲಿ ಎರಡು ವರ್ಷದ ಕೆಲಸ, ನಾನು ತರಬೇತಿ ಕೊಟ್ಟವರ ಲೆಕ್ಕ, ಇದೇ ಹುದ್ದೆಗೆ ಬೇರೆಯವರು ಜಾಹೀರಾತಿನಲ್ಲಿ ಹೇಳಿದ್ದ ಸಂಬಳ ಎಲ್ಲ ಬರೆದುಕೊಂಡು ಹೋಗಿದ್ದೆ. ಅವರು ಓದಿದರು. "ಎಷ್ಟು ನಿರೀಕ್ಷೆ ಮಾಡ್ತಿದ್ದೀರಿ?" ಎಂದರು. ಶೇ. 20 ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಅಷ್ಟಕ್ಕೇ ನನ್ನ ಬಾಯಿಂದ "ಸ್ವಲ್ಪ ಕಮ್ಮಿಯಾದ್ರೂ ಪರವಾಗಿಲ್ಲ ಸರ್" ಎಂದು ಬಂದುಬಿಟ್ಟಿತು. ಅವರು ಬೇಡ ಅಂದಿರಲೇ ಇಲ್ಲ. ಎರಡು ವಾರದ ನಂತರ ಶೇ. 8ರ ಪತ್ರ ಬಂತು. 91 ಹೋಗಿ 98. ಅವತ್ತು ಮನೆಗೆ ಬಂದು ಯಾರ ಜೊತೆಗೂ ಮಾತಾಡಲಿಲ್ಲ. ಅಂಕಿ ಹೇಳಿದ ಮೇಲೆ ಮುಂದಿನ ಮಾತು ಅವರದ್ದು. ಇದನ್ನು ಮನೆಯಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಂಡು ಅಭ್ಯಾಸ ಮಾಡಿಯೇ ಹೋಗಿ. ಓದಿ ತಿಳಿದರೆ ಸಾಲದು, ಬಾಯಿಗೆ ಅಭ್ಯಾಸ ಆಗಬೇಕು.

ಹದಿನೆಂಟನೇ ತಿಂಗಳು, ಅರ್ಧ ದಾರಿ. ಸಂಬಳ 98, ಹೊರಗಿನದು 19, ಒಟ್ಟು 117. ಲೆಕ್ಕದ ಪ್ರಕಾರ ಆ ಹೊತ್ತಿಗೆ 141 ಇರಬೇಕಿತ್ತು. ಆ ರಾತ್ರಿ ಪುಸ್ತಕ ಮುಚ್ಚಿ ಬೀರುವಿನ ಮೇಲೆ ಎಸೆದಿದ್ದೆ. ಎರಡು ದಿನ ಬಿಟ್ಟು ತೆಗೆದಾಗ ಮೊದಲ ಪುಟವೇ ತೆರೆದುಕೊಂಡಿತು. ಕೌಂಟರಿನ ಸಾಲು. ಮುಂದುವರಿಸಿದೆ.

ಅದೇ ಹೊತ್ತಿಗೆ ತೆರಿಗೆಯ ಪೆಟ್ಟು. ಸಂಬಳಕ್ಕೆ ತೆರಿಗೆ ಆಫೀಸಿನಲ್ಲೇ ಹಿಡಿದುಕೊಳ್ಳುತ್ತಿದ್ದರು, ಹೊರಗಿನ ಆದಾಯಕ್ಕೆ ಯಾರೂ ಹಿಡಿದಿರಲಿಲ್ಲ. ಹಿಂದೆ ಮೊತ್ತ ಸಣ್ಣದಾಗಿದ್ದರಿಂದ ಗೊತ್ತಾಗಿರಲಿಲ್ಲ. ಈಗ ಒಂದೇ ಸಲ 31 ಕಟ್ಟಬೇಕಾಯಿತು. ಅವತ್ತಿಂದ ಯಾವ ಬಿಲ್ಲಿನ ಹಣ ಬಂದರೂ ಅದರ ಕಾಲು ಭಾಗವನ್ನು ಅದೇ ದಿನ ಬೇರೆ ಖಾತೆಗೆ ಹಾಕುತ್ತೇನೆ. ಇನ್ನೊಂದು ಮಾತು. ಸಂಬಳ ಏರಿದರೆ ಮೇಲಿನ ಸ್ಲ್ಯಾಬಿಗೆ, ಅಂದರೆ ಹೆಚ್ಚು ತೆರಿಗೆ ದರದ ಹಂತಕ್ಕೆ ಹೋಗಿ ಕೈಗೆ ಕಮ್ಮಿ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದರು. ಸ್ಲ್ಯಾಬ್ ಪದ್ಧತಿಯಲ್ಲಿ ಹೆಚ್ಚಿನ ದರ ಬೀಳುವುದು ಗೆರೆ ದಾಟಿದ ಭಾಗಕ್ಕೆ ಮಾತ್ರ, ಪೂರ್ತಿ ಆದಾಯಕ್ಕಲ್ಲ. ಕೆಲವು ರಿಯಾಯಿತಿಗಳು ಒಂದು ಮಿತಿ ದಾಟಿದರೆ ನಿಂತುಹೋಗಬಹುದು, ಅದನ್ನು ಮಾತ್ರ ನಿಮ್ಮ ಕಡೆಯ ನಿಯಮದಲ್ಲಿ ನೋಡಿಕೊಳ್ಳಿ.

ಕೆಲಸ ಬದಲಿಸುವ ನಿರ್ಧಾರ ಹದಿನೆಂಟನೇ ತಿಂಗಳಲ್ಲೇ ಆಯಿತು. ಎರಡು ತಿಂಗಳು ಸಾಕು ಎಂದುಕೊಂಡೆ. ಏಳು ಹಿಡಿಯಿತು. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಸಾಮಾನ್ಯವಾಗಿ ಕಮ್ಮಿ ಅಂದಾಜು ಮಾಡುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಅದಕ್ಕೆ ಅವರು ಹೇಳುವ ಮದ್ದು ಸುಲಭ: ನಿಮ್ಮ ಯೋಜನೆ ನೋಡಬೇಡಿ, ಇಂಥದೇ ಕೆಲಸ ಬೇರೆಯವರಿಗೆ ಎಷ್ಟು ದಿನ ಹಿಡಿದಿದೆ ನೋಡಿ. ನಾನು ಇಬ್ಬರು ಗೆಳತಿಯರನ್ನು ಮೊದಲೇ ಕೇಳಿದ್ದರೆ ಆರು, ಎಂಟು ತಿಂಗಳು ಎಂದು ಹೇಳುತ್ತಿದ್ದರು.

ಹೊಸ ಕಡೆ 24 ತಿಂಗಳ ಪೇ ಸ್ಲಿಪ್ ಕೇಳಿದರು. ಆ ಸಂಜೆಯೇ ಕಳಿಸಿದೆ. ಈ ಸಲ ನನ್ನ ಅಂಕಿ ಹೇಳಿ ಬಾಯಿ ಮುಚ್ಚಿಕೊಂಡು ಕೂತೆ. ಫೋನಿನ ಆ ಕಡೆ ಯಾರೋ ಕೀಲಿಮಣೆ ಒತ್ತುವ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. "ಸರಿ, ಇದನ್ನ ನೋಡ್ತೀವಿ" ಎಂದರು. 135 ಬಂತು.

ಯಾರೂ ಹೇಳದೆ ಇದ್ದ ಅಡ್ಡಿ ಆಮೇಲೆ ಎದುರಾಯಿತು. ಹಳೆ ಆಫೀಸಿನ ಕೊನೆಯ ಲೆಕ್ಕ ಚುಕ್ತಾ ಆಗಲು 45 ದಿನ. ಹೊಸ ಕಡೆಯ ಮೊದಲ ಸಂಬಳ ಮುಂದಿನ ತಿಂಗಳ ಕೊನೆಗೆ. ಇಪ್ಪತ್ತೈದನೇ ತಿಂಗಳ ಪುಟದಲ್ಲಿ ಬರೀ 20 ಇದೆ, ಅದೂ ಹೊರಗಿನ ಕೆಲಸದ್ದು. ಸಾಲದ ಕಂತು, ಶಾಲೆಯ ಫೀಸು ಯಾವುದೂ ಕಾಯುವುದಿಲ್ಲ. ತೆರಿಗೆಗೆಂದು ಎತ್ತಿಟ್ಟಿದ್ದರಿಂದ ತೆಗೆದು, ಆಮೇಲೆ ಮೂರು ತಿಂಗಳಲ್ಲಿ ಹಾಕಿ ಸರಿ ಮಾಡಿದೆ. ಕೆಲಸ ಬಿಡುವ ಮೊದಲು ಕನಿಷ್ಠ ಎರಡು ತಿಂಗಳ ಖರ್ಚು ಕೈಯಲ್ಲಿರಲಿ. ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ ಬಿಡದೆ ಕೇಳುತ್ತಿರಿ.

ಮೂವತ್ತನೇ ತಿಂಗಳ ಹೊತ್ತಿಗೆ ಇನ್ನೊಂದು ಕಹಿ ಗೊತ್ತಾಯಿತು. ನನ್ನ 200 ಮೂರು ವರ್ಷದ ಹಿಂದಿನ 200. ಬೆಲೆಗಳು ವರ್ಷಕ್ಕೆ ಶೇ. 5 ಏರಿದರೂ ಮೂರು ವರ್ಷದ ನಂತರದ 200ಕ್ಕೆ ಶುರು ಮಾಡಿದ ದಿನದ 173ರಷ್ಟೇ ಸಾಮಾನು ಬರುತ್ತದೆ. ಗುರಿ ಬರೆಯುವಾಗಲೇ ಇದನ್ನು ಸೇರಿಸಿಕೊಳ್ಳಬೇಕಿತ್ತು. ಅದೇ ಲೆಕ್ಕದಲ್ಲಿ ನನ್ನ 171 ಸುಮಾರು 148. ಹೇಳಲು ಬೇಸರವೇ, ಆದರೆ ನಿಮ್ಮಿಂದ ಮುಚ್ಚಿಡಲು ನನಗೆ ಇಷ್ಟವಿಲ್ಲ.

ಈಗ ಸಂಬಳ 135, ಹೊರಗಿನ ಕೆಲಸ 36. ಹೊರಗಿನ ಕೆಲಸಕ್ಕೆ ಗಂಟೆಗಳು ಮತ್ತೆ 40ಕ್ಕೇ ಬಂದಿವೆ. ಅಂದರೆ ಗಂಟೆಗೆ 0.9, ಶುರುವಿನ ನಾಲ್ಕು ಪಟ್ಟು. ಒಟ್ಟು ಅಂಕಿ ಗುರಿ ಮುಟ್ಟಲಿಲ್ಲ, ಆದರೆ ಗಂಟೆಯ ಈ ಅಂಕಿಯ ಬಗ್ಗೆ ನನಗೆ ತುಂಬಾ ಖುಷಿ ಇದೆ. ರಾತ್ರಿ ಒಂಬತ್ತಕ್ಕೆ ಕಂಪ್ಯೂಟರ್ ಆರಿಸುತ್ತೇನೆ.

ಕಳೆದ ತಿಂಗಳು ಅಮ್ಮನಿಗೆ ಮತ್ತೆ ಪರೀಕ್ಷೆಗಳಿದ್ದವು. ಅದೇ ಕೌಂಟರು. ಮುಂಗಡ ಹೇಳಿದರು, ಕಾರ್ಡ್ ಕೊಟ್ಟೆ, ರಸೀದಿ ತೆಗೆದುಕೊಂಡು ಬಂದು ಅಮ್ಮನ ಪಕ್ಕ ಕೂತೆ. ಅಕ್ಕನಿಗೆ ಸಂಜೆ ಫೋನ್ ಮಾಡಿದೆ, ಅಮ್ಮ ಚೆನ್ನಾಗಿದ್ದಾಳೆ ಎಂದು ಹೇಳಲು.

ಮೊನ್ನೆ ಭಾನುವಾರ ಅಕ್ಕ ಬಂದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಅವಳ ಪೇ ಸ್ಲಿಪ್‌ಗಳು. "ನನ್ನ ನೂರು ಎಷ್ಟು ಅಂತ ನೋಡ್ಕೊಡೇ" ಎಂದಳು. ನೆಲದ ಮೇಲೆ ತಿಂಗಳ ಪ್ರಕಾರ ಹರಡಿಕೊಂಡು ಕೂತೆವು. ಎಣಿಸಿದರೆ ಹತ್ತೇ ಇದ್ದವು.